ಬಾಗಿಲಲ್ಲಿ ಎಣಿಸುವವಳು

ಲುವೀನಿಯಾ ಸ್ಪ್ರೂಯಿಲ್ ಕಾಲೇಜಿನ ಪ್ರವೇಶ ಕಚೇರಿಯಿಂದ ಹೊಸ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಕದ್ದಳೆಂಬ ಮಾತು ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಲಾರ್ಕ್ಸ್‌ಬರೋ ಊರಿನ ತುಂಬ ಓಡಾಡಿತು. ಹೇಳುವವರ ನಾಲಗೆಗೆ ತಕ್ಕಂತೆ ಅದು ಬೆಳೆಯಿತು. ಕ್ಷೌರದಂಗಡಿಯವರ ಪ್ರಕಾರ ಪಟ್ಟಿ ಸಿಕ್ಕಿದ್ದು ಕಸದ ಬುಟ್ಟಿಯಲ್ಲಿ. ಗುಡ್ಡದ ಮೇಲಿನ ಪ್ರಾಧ್ಯಾಪಕರ ಮನೆಗಳಲ್ಲಿ ಮಾತ್ರ, ಉತ್ತರದ ರಾಜ್ಯಗಳ ಯಾವನೋ ವಕೀಲ ಆಕೆಯ ಕೈಯಿಂದ ಈ ಕೆಲಸ ಮಾಡಿಸಿದನೆಂದು ನಂಬಿದರು. ಅಡುಗೆಮನೆಯ ಹೆಂಗಸೊಬ್ಬಳು ತಾನಾಗಿಯೇ ಒಂದು ಸಂಖ್ಯೆಯನ್ನು ತಿಳಿದಿರಬಹುದೆಂದು ಒಪ್ಪುವುದು ಅವರಿಗೆ ಕಷ್ಟವಾಗಿತ್ತು.

ಇದಾವುದೂ ನಿಜವಲ್ಲ. ಲುವೀನಿಯಾ ತನ್ನ ಅರವತ್ತೊಂದು ವರ್ಷದ ಬದುಕಿನಲ್ಲಿ ಪ್ರವೇಶ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಆಕೆಯ ಬಳಿ ಇದ್ದದ್ದು ಎರಡು ಜೇಬಿನ ಏಪ್ರನ್ನು, ಒಂದು ಹಿಡಿ ಒಣ ಅವರೆಕಾಳು, ಮೂವತ್ಮೂರು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದ ಒಂದು ಅಭ್ಯಾಸ.

ಕಾಲೇಜನ್ನು ನಾವು ಗುಡ್ಡವೆಂದೇ ಕರೆಯುತ್ತೇವೆ. ನಾವೆಂದರೆ ರೈಲುಹಳಿಯ ಈಚೆಯ ಕೆಳಗೇರಿಯ ಕಪ್ಪು ಜನ. ಗುಡ್ಡದ ಹುಲ್ಲು ಕತ್ತರಿಸಿದವರು ನಮ್ಮ ಅಜ್ಜಂದಿರು, ಅಲ್ಲಿಯ ಹಾಸಿಗೆವಸ್ತ್ರ ಒಗೆದವರು ನಮ್ಮ ಅಜ್ಜಿಯರು. ಲುವೀನಿಯಾಳ ತಾಯಿ ಪ್ರತಿ ಮೇ ತಿಂಗಳು ಪದವಿಯ ಗೌನುಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಆದರೆ ನಮ್ಮವನೊಬ್ಬ ಆ ಗೌನನ್ನು ತೊಟ್ಟು ಮೊದಲ ಬಾರಿಗೆ ವೇದಿಕೆ ಹತ್ತಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ. ಆಗ ಲುವೀನಿಯಾಗೆ ಎಂಟು ವರ್ಷ.

ತೊಂಬತ್ತರಲ್ಲಿ ಆಕೆಗೆ ಕಾಲೇಜಿನ ಭೋಜನಶಾಲೆಯ ಬಾಗಿಲಲ್ಲಿ ಕೂರುವ ಕೆಲಸ ಸಿಕ್ಕಿತು. ಎತ್ತರದ ಸ್ಟೂಲು, ಮುಂದೆ ಒಂದು ಯಂತ್ರ; ಮಕ್ಕಳು ಗುರುತಿನ ಕಾರ್ಡನ್ನು ಯಂತ್ರಕ್ಕೆ ತೋರಿಸುತ್ತಾರೆ, ಅದು ಕೀ ಎನ್ನುತ್ತದೆ, ಒಳಗೆ ಹೋಗುತ್ತಾರೆ. ಆ ವರ್ಷದ ಅಕ್ಟೋಬರಿನಲ್ಲಿ ನಮ್ಮವಳೇ ಆದ ಹೊಸ ಹುಡುಗಿಯೊಬ್ಬಳು ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಒಂದು ದಿನ, ಎರಡು ದಿನ, ಒಂಬತ್ತು ದಿನ. ಲುವೀನಿಯಾ ವಿದ್ಯಾರ್ಥಿನಿಲಯಕ್ಕೆ ಹೋಗಿ ಕೇಳಿದಾಗ ಅಲ್ಲಿಯವರು ಕೋಣೆಯ ಬಾಗಿಲು ತೆರೆದು ನೋಡಿದರು. ಬಟ್ಟೆಗಳಿರಲಿಲ್ಲ. ಒಂದು ವಾರದ ಹಿಂದೆಯೇ ಆ ಹುಡುಗಿ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟಿದ್ದಳು. ಅಷ್ಟು ದೊಡ್ಡ ಕಾಲೇಜಿನಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ.

ಮುಂದಿನ ವರ್ಷದಿಂದ ಎಣಿಕೆ ಶುರುವಾಯಿತು. ಆಗಸ್ಟ್ ಕೊನೆಯ ಎರಡು ವಾರ, ನಮ್ಮವರ ಹೊಸ ಮುಖವೊಂದು ಬಾಗಿಲು ದಾಟಿದಾಗಲೆಲ್ಲ ಎಡಜೇಬಿನ ಒಂದು ಅವರೆಕಾಳು ಬಲಜೇಬಿಗೆ ಹೋಗುತ್ತಿತ್ತು. ಸೆಪ್ಟೆಂಬರಿನ ಎರಡನೆಯ ಭಾನುವಾರ ನಮ್ಮ ಚರ್ಚಿನಲ್ಲಿ ಆಕೆ ಎದ್ದು ನಿಂತು ಸಂಖ್ಯೆ ಹೇಳುತ್ತಿದ್ದಳು, ಅದರ ಮುಂದಿನ ಭಾನುವಾರ ಅಷ್ಟು ಮಕ್ಕಳಿಗೂ ಚರ್ಚಿನ ಹಿಂದಿನ ಹಜಾರದಲ್ಲಿ ಊಟ. ಹುರಿದ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ರೊಟ್ಟಿ, ಸಿಹಿಗೆಣಸಿನ ಕಡುಬು. ಇದಕ್ಕೆ ಮೊದಲ ತಟ್ಟೆ ಎಂದು ಹೆಸರು. ಅಲ್ಲಿ ಉಂಡ ಮಗುವನ್ನು ಕೆಳಗೇರಿಯ ಯಾವುದಾದರೊಂದು ಮನೆ ತನ್ನದಾಗಿ ಮಾಡಿಕೊಳ್ಳುತ್ತಿತ್ತು. ನಾಲ್ಕು ವರ್ಷ ಆ ಮಗುವಿನ ಜ್ವರ, ಜಗಳ, ಪರೀಕ್ಷೆ ಎಲ್ಲವೂ ಆ ಮನೆಯ ಸುದ್ದಿ. ಆಮೇಲೆ ಹೇಳದೆ ಬಸ್ಸು ಹತ್ತಿದ ಮಗು ಒಂದೂ ಇಲ್ಲ.

ನಮ್ಮವರು ಯಾರೆಂದು ಗುರುತಿಸುವುದಕ್ಕೆ ಆಕೆಯದೊಂದು ಕ್ರಮವಿತ್ತು. ಎಲ್ಲರಿಗೂ ಬಾಯಿಮಾತಿನ ಸ್ವಾಗತ. ನಮ್ಮವರಿರಬಹುದೆಂದು ತೋರಿದ ಮುಖಕ್ಕೆ ಮಾತಿಲ್ಲದೆ ಗದ್ದವನ್ನು ಒಂದು ಎಳ್ಳಿನಷ್ಟು ಮೇಲೆತ್ತುವುದು. ನಮ್ಮ ಮನೆಗಳಲ್ಲಿ ಬೆಳೆದ ಮಗು, ಗೊತ್ತೋ ಗೊತ್ತಿಲ್ಲದೆಯೋ, ತನ್ನ ಗದ್ದವನ್ನೂ ಎತ್ತುತ್ತದೆ. ಬೀದಿಯಲ್ಲಿ ಎದುರಾದವರನ್ನು ಹೀಗೆ ಮಾತಾಡಿಸದೆ ಹೋದರೆ ನಮ್ಮಲ್ಲಿ ತಾಯಿಯ ಕೈಯ ಏಟು ಗ್ಯಾರಂಟಿ. ಬಣ್ಣ ಮೋಸ ಮಾಡೀತು, ಗದ್ದ ಮಾಡದು ಎಂದು ಲುವೀನಿಯಾ ನಂಬಿದ್ದಳು. ಇಷ್ಟು ವರ್ಷದಲ್ಲಿ ಅದು ತಪ್ಪಿದ್ದು ಒಮ್ಮೆಯೇ ಎಂದು ಆಕೆಯ ಲೆಕ್ಕ. ತೊಂಬತ್ತೆಂಟರಲ್ಲಿ ಕಪ್ಪಗಿನ ಹುಡುಗನೊಬ್ಬ ಆಕೆಯ ಗದ್ದಕ್ಕೆ ಉತ್ತರವಾಗಿ ತಲೆಯನ್ನು ಆ ಭುಜದಿಂದ ಈ ಭುಜಕ್ಕೆ ಚೆಂದವಾಗಿ ತೂಗಿದ. ಇದು ಯಾವ ಊರಿನ ಪದ್ಧತಿಯೋ ಎಂದುಕೊಂಡು ಆಕೆ ಕಾಳು ದಾಟಿಸಿದಳು. ಅವನು ಮಧುರೈ ಕಡೆಯವನು. ಊಟದ ದಿನ ವಿಷಯ ತಿಳಿದು ಎಲ್ಲರೂ ನಕ್ಕರು. ಎಣಿಸಿದ ಮೇಲೆ ಅಳಿಸುವುದುಂಟೇ ಎಂದು ನಾಲ್ಕು ವರ್ಷವೂ ಅವನಿಗೆ ತಟ್ಟೆ ಹಾಕಿದರು.

ಎರಡು ಸಾವಿರದ ಇಪ್ಪತ್ಮೂರರ ಜೂನಿನಲ್ಲಿ, ಪ್ರವೇಶ ಕೊಡುವಾಗ ಬಣ್ಣವನ್ನು, ನಮ್ಮಂಥವರ ಪರವಾಗಿಯೂ, ಗಣಿಸಕೂಡದೆಂದು ದೇಶದ ಅತ್ಯುಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ವರ್ಷದ ಮಕ್ಕಳ ಆಯ್ಕೆ ಆಗಲೇ ಮುಗಿದಿತ್ತು. ಎಂಟುನೂರ ಐವತ್ತು ಹೊಸಬರಲ್ಲಿ ತೊಂಬತ್ತೇಳು ಜನ ನಮ್ಮವರು. ತೀರ್ಪಿನ ನೆರಳಿನಲ್ಲಿ ಆಯ್ಕೆಯಾದ ಮೊದಲ ತಂಡ ಗುಡ್ಡ ಹತ್ತಿದ್ದು ಕಳೆದ ವರ್ಷ. ಎರಡು ವಾರ ಕಳೆದ ಮೇಲೆ ಲುವೀನಿಯಾ ಬಲಜೇಬನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದಳು. ಮೂವತ್ತೊಂದು ಕಾಳು.

ಅಲ್ಲಿ ನಿಂತಿದ್ದವನು ಥರ್ಮನ್. ಆಕೆಯ ದೊಡ್ಡಪ್ಪನ ಮಗ, ಭೋಜನಶಾಲೆಯಲ್ಲಿ ಕಾವಲಿಯ ಮುಂದಿನ ಅಡುಗೆಯವನು, ಮೊದಲ ತಟ್ಟೆಯ ಕೋಳಿಗೂ ಅವನೇ ದಿಕ್ಕು.

"ಕಾಳು ಎಲ್ಲೋ ಉದುರಿಸ್ಕೊಂಡಿದ್ದೀಯ ಕಣೇ," ಎಂದ. "ಜೇಬು ತೂತಾಗಿರ್ಬೇಕು ನೋಡು."

"ಜೇಬು ನೆಟ್ಟಗೈತೆ. ತೂತು ಬಿದ್ದಿರೋದು ಗುಡ್ಡಕ್ಕೆ."

ಥರ್ಮನ್ ತಾನೂ ಒಮ್ಮೆ ಎಣಿಸಿದ. ಆಮೇಲೆ ಕಾಳುಗಳನ್ನು ಆಕೆಯ ಕಡೆ ತಳ್ಳಿ, "ಹಂಗಾದ್ರೆ ಕೋಳಿ ಕಮ್ಮಿ ತರ್ಲಾ?" ಎಂದು ಕೇಳಿದ.

"ಒಂದು ರೆಕ್ಕೇನೂ ಕಮ್ಮಿ ಬೇಡ. ಹೋದ ವರ್ಷದಷ್ಟೇ ತಟ್ಟೆ ಇಡೋದು. ತೊಂಬತ್ತೇಳು."

"ತಿನ್ನೋರ್ ಯಾರು, ದೆವ್ವಗಳಾ?"

"ಬರ್ಬೇಕಾಗಿದ್ದೋರು. ಬರ್ದೇ ಇರೋರನ್ನೂ ಒಂದ್ಸಲ ಕಣ್ಣಲ್ಲಿ ನೋಡೋಣ."

ಮೊದಲ ತಟ್ಟೆಯ ಭಾನುವಾರ ನಾವು ತೊಂಬತ್ತೇಳು ಕುರ್ಚಿ ಹಾಕಿದೆವು. ಮೂವತ್ತೊಂದು ಮಕ್ಕಳು ಒಂದೆಡೆ ಗುಂಪಾಗಿ ಕೂರಲು ಹೋದಾಗ ಲುವೀನಿಯಾ ಅವರನ್ನು ಎಬ್ಬಿಸಿ ಹಜಾರದ ತುಂಬ ಚದುರಿಸಿ ಕೂರಿಸಿದಳು. ಪ್ರತಿಯೊಬ್ಬರ ಎರಡೂ ಬದಿಗೆ ಖಾಲಿ ತಟ್ಟೆ. ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೂ ಯಾರೂ ಚಮಚ ಎತ್ತಲಿಲ್ಲ. "ತಿನ್ರಪ್ಪಾ, ತಣ್ಣಗಾಗುತ್ತೆ," ಎಂದು ಥರ್ಮನ್ ಕೂಗಿದ. "ಅವರ ಪಾಲಿಂದೂ ನೀವೇ ತಿನ್ನಿ, ಅವರ ಪಾಲಿಂದೂ ನೀವೇ ಓದಿ." ಊರಿನ ವಾರಪತ್ರಿಕೆಯ ಹುಡುಗಿಯೊಬ್ಬಳು ಚಿತ್ರ ತೆಗೆದಳು. ಬುಧವಾರದ ಹೊತ್ತಿಗೆ ಆ ಅರವತ್ತಾರು ಖಾಲಿ ತಟ್ಟೆಗಳನ್ನು ಮೂರು ರಾಜ್ಯಗಳು ನೋಡಿದವು.

ಗುಡ್ಡ ತನ್ನ ಸಂಖ್ಯೆಯನ್ನು ಅದುವರೆಗೆ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಹರಿದಾಡುತ್ತಿರುವ ಸಂಖ್ಯೆ ನಿಖರವಲ್ಲ, ಅಧಿಕೃತ ಅಂಕಿಗಳು ವಿಶ್ಲೇಷಣೆಯಲ್ಲಿವೆ ಎಂದು ಎರಡು ಸಾಲಿನ ಹೇಳಿಕೆ ಹೊರಟಿತು. ಪಟ್ಟಿ ಕದ್ದ ಕಥೆ ಹುಟ್ಟಿದ್ದು ಆಗಲೇ.

ಹೇಳಿಕೆ ಹೊರಟ ಮರುದಿನ ಭೋಜನಶಾಲೆಯ ಮೇಲ್ವಿಚಾರಕ ಗ್ರೆಗ್ ಹಾಲ್ಸ್ಟೆಡ್ ಆಕೆಯನ್ನು ತನ್ನ ಕೋಣೆಗೆ ಕರೆದ. ಆಡಳಿತ ಕಚೇರಿಯಿಂದ ಬಂದ ಹೆಂಗಸೊಬ್ಬಳು ಕಾಗದವೊಂದನ್ನು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಮಿಸ್ ಲುವೀನಿಯಾ, ನಿಮ್ಮ ಮೇಲೆ ನಮಗೆಲ್ಲ ಬಹಳ ಗೌರವ ಇದೆ," ಎಂದ ಗ್ರೆಗ್.

"ಗೌರವ ಅಂತ ಶುರು ಮಾಡ್ದೋರು ಕೊನೇಲಿ ಏನಾದ್ರೂ ಕಿತ್ಕೋತಾರೆ. ಏನು ಬೇಕು, ಹೇಳ್ಬಿಡಪ್ಪ."

ಕಾಗದದಲ್ಲಿ ಇದ್ದದ್ದು ಇಷ್ಟು: ವಿದ್ಯಾರ್ಥಿಗಳ ಗುರುತಿನ ಬಗ್ಗೆ ಯಾವ ರೂಪದಲ್ಲೂ ಲೆಕ್ಕವಿಡುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಮುಂದಿನ ಶುಕ್ರವಾರದೊಳಗೆ ಸಹಿ ಹಾಕಬೇಕು. ಹಾಕದಿದ್ದರೆ ಕೆಲಸ ಹೋಗುವುದಿಲ್ಲ, ಆದರೆ ಬಾಗಿಲು ಹೋಗುತ್ತದೆ. ನೆಲಮಾಳಿಗೆಯ ಪಾತ್ರೆ ತೊಳೆಯುವ ಕೋಣೆಗೆ ವರ್ಗ.

"ಬಣ್ಣ ನೋಡೋದು ಈಗ ಕಾನೂನಿಗೆ ವಿರುದ್ಧ ಅಲ್ವಾ," ಎಂದು ಕಚೇರಿಯ ಹೆಂಗಸು ಮೆಲ್ಲಗೆ ಹೇಳಿದಳು.

"ಪ್ರವೇಶ ಕೊಡೋರು ನೋಡ್ಬಾರ್ದು ಅಂತ ಹೇಳಿದಾರೆ. ನಾನು ಪ್ರವೇಶ ಕೊಡಲ್ಲ ತಾಯಿ, ಊಟ ಕೊಡ್ತೀನಿ. ಕಣ್ಣು ಕಿತ್ತು ಜೇಬಲ್ಲಿಟ್ಕೊ ಅಂತ ಯಾವ ಜಡ್ಜೂ ನಂಗೆ ಹೇಳಿಲ್ಲ."

ಕಾಗದ ಮಡಿಸಿಕೊಂಡು ಆಕೆ ಸ್ಟೂಲಿಗೆ ಮರಳಿದಳು. ನೆಲಮಾಳಿಗೆಯಲ್ಲಿ ಮುಖಗಳಿಲ್ಲ. ರಬ್ಬರಿನ ಉದ್ದನೆಯ ಪಟ್ಟಿಯೊಂದು ಉರುಳುತ್ತದೆ, ಅದರ ಮೇಲೆ ಎಂಜಲು ತಟ್ಟೆಗಳು ಬರುತ್ತವೆ. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದನ್ನು ತಟ್ಟೆ ಹೇಳಲಾರದು. ಬಾಗಿಲು ಬಿಡುವುದೆಂದರೆ ಆ ಮಕ್ಕಳ ಮೇಲಿನ ಕಣ್ಣು ತೆಗೆಯುವುದು. ಸಹಿ ಹಾಕುವುದೆಂದರೆ ಕಣ್ಣಿದ್ದೂ ಬಾಯಿ ಹೊಲಿದುಕೊಳ್ಳುವುದು. ಎರಡರಲ್ಲಿ ಯಾವುದು ಕಡಿಮೆ ನಷ್ಟವೆಂದು ಆಕೆ ಇನ್ನೂ ಯೋಚಿಸುತ್ತಿದ್ದಾಗ, ಮುಂದಿನ ಸೋಮವಾರದ ಮಧ್ಯಾಹ್ನ, ಹುಡುಗಿಯೊಬ್ಬಳು ಬಂದು ಕಾರ್ಡು ತೋರಿಸಿದಳು. ಯಂತ್ರ ಕೀ ಎಂದಿತು. ಹುಡುಗಿ ಒಳಗೆ ಹೋಗಲಿಲ್ಲ.

"ಎಣಿಸೋದು ನೀವೇನಾ?"

"ಹೌದು ಕಂದಾ."

"ಆ ಮೂವತ್ತೊಂದರಲ್ಲಿ ನಾನಿದೀನಾ?"

ಲುವೀನಿಯಾ ಕನ್ನಡಕ ಸರಿಮಾಡಿಕೊಂಡು ನೋಡಿದಳು. ನಮ್ಮದೇ ಮುಖ, ನಮ್ಮದೇ ಕೂದಲು, ಅದನ್ನು ಬಾಚಲು ಬಲ್ಲವರು ಯಾರೂ ಇಲ್ಲದೆ ಹಿಂದಕ್ಕೆ ಎಳೆದು ಕಟ್ಟಿದ್ದಳು. ಈಗ ನೆನಪಾಯಿತು. ಮೊದಲ ವಾರವೇ ಈ ಹುಡುಗಿ ಬಂದಿದ್ದಳು, ಕಿವಿಯಲ್ಲಿ ಹಾಡು, ಕಣ್ಣು ನೆಲದ ಮೇಲೆ. ಒಮ್ಮೆ ತಲೆ ಎತ್ತಿದಾಗ ಲುವೀನಿಯಾ ಗದ್ದವೆತ್ತಿದ್ದಳು. ಹುಡುಗಿ ಗಾಬರಿಯಿಂದ ನೋಡಿ ಮುಂದೆ ಹೋಗಿದ್ದಳು. ಬೇರೆ ಯಾವುದೋ ದೇಶದವಳಿರಬೇಕೆಂದು ಕಾಳು ಎಡಜೇಬಿನಲ್ಲೇ ಉಳಿದಿತ್ತು.

"ಇಲ್ಲಮ್ಮ," ಎಂದಳು ಲುವೀನಿಯಾ. "ನೀನಿಲ್ಲ. ನಾನು ಗದ್ದ ಎತ್ತಿದ್ದೆ, ನೀನು..."

"ಗದ್ದ ಎತ್ತಿದ್ರೆ ಏನರ್ಥ ಅಂತ ನಂಗೆ ಯಾರು ಹೇಳ್ಕೊಟ್ಟಿದ್ರು?" ಹುಡುಗಿಯ ದನಿ ಏರಿತು. ಸಾಲಿನಲ್ಲಿ ನಿಂತವರು ಫೋನುಗಳಿಂದ ತಲೆ ಎತ್ತಿದರು. "ನಮ್ಮೂರು ಮೊಂಟಾನಾ. ನನ್ನ ಸಾಕಿದ ಅಪ್ಪ ಅಮ್ಮ ಇಬ್ರೂ ಬಿಳಿಯರು. ಇಡೀ ಶಾಲೇಲಿ ನಾನೊಬ್ಳೇ ಹಿಂಗಿದ್ದಿದ್ದು, ಎಲ್ರೂ ನನ್ನೇ ನೋಡೋರು. ಇಲ್ಲಿಗೆ ಬಂದ್ರೆ, ನೋಡ್ಬೇಕಾದೋರೇ ನೋಡಲಿಲ್ಲ. ಪತ್ರಿಕೇಲಿ ಖಾಲಿ ತಟ್ಟೆ ನೋಡ್ದೆ. ಅದ್ರಲ್ಲಿ ಒಂದು ನಂದಲ್ವಾ? ಆವತ್ತು ನಾನು ಕೋಣೇಲೇ ಇದ್ದೆ. ಬಿಸ್ಕತ್ತು ತಿನ್ಕೊಂಡು."

ಅವಳ ಹೆಸರು ಹೇಝಲ್ ಲಿಂಡ್. ಮೂವತ್ಮೂರು ವರ್ಷ ಲುವೀನಿಯಾ ಹೆದರಿದ್ದು ನಮ್ಮವರಲ್ಲದವರು ಎಣಿಕೆಯೊಳಗೆ ಬಂದಾರೆಂದು. ನಮ್ಮವರೇ ಹೊರಗುಳಿದಾರೆಂಬುದು ಆಕೆಯ ಲೆಕ್ಕದಲ್ಲಿ ಇರಲೇ ಇಲ್ಲ. ಯಾವ ಹುಡುಗಿಯ ಒಂಬತ್ತು ಖಾಲಿ ದಿನಗಳಿಂದ ಈ ಅಭ್ಯಾಸ ಹುಟ್ಟಿತ್ತೋ, ಅಂಥ ಇನ್ನೊಬ್ಬ ಹುಡುಗಿಯನ್ನು ಅದೇ ಅಭ್ಯಾಸ ಹೊರಗೆ ನಿಲ್ಲಿಸಿತ್ತು. ಆಕೆ ಸ್ಟೂಲಿನಿಂದ ಇಳಿದಳು. ಕೆಲಸದ ಹೊತ್ತಿನಲ್ಲಿ ಆಕೆ ಹಾಗೆ ಇಳಿದದ್ದನ್ನು ನಾವು ಯಾರೂ ಕಂಡಿರಲಿಲ್ಲ.

"ತಪ್ಪು ನಂದು," ಎಂದಳು. "ನನ್ನಜ್ಜಿ ಕಲಿಸಿದ್ದು ಎಲ್ಲರಜ್ಜೀನೂ ಕಲಿಸಿರ್ತಾಳೆ ಅಂದ್ಕೊಂಡೆ. ಬಾ, ಕೂತ್ಕೊ. ಏನು ತಿಂತೀಯ?"

ಆವತ್ತಿನಿಂದ ಮೂರು ದಿನ ಪಾಳಿ ಮುಗಿದ ಮೇಲೆ ಆಕೆ ಮನೆಗೆ ಹೋಗಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ, ಗದ್ದವನ್ನು ಬದಿಗಿಟ್ಟು, ಬಾಯಿಬಿಟ್ಟು ಕೇಳಿದಳು: ಯಾವೂರು, ಯಾರ ಮಗು, ಭಾನುವಾರ ಏನು ಮಾಡ್ತೀಯ. ಹೆಚ್ಚಿನವರು ನಾವು ನಿಮ್ಮವರಲ್ಲ ಎಂದು ನಗುತ್ತಲೇ ಹೇಳಿದರು. ಕೆಲವರು ಭುಜ ಹಾರಿಸಿದರು. ಇನ್ನಿಬ್ಬರು ಸಿಕ್ಕರು. ಮಾತು ತೊದಲುವುದರಿಂದ ಯಾರ ಕಣ್ಣಿಗೂ ಕಣ್ಣು ಕೂಡಿಸದ ಹುಡುಗನೊಬ್ಬ. ಲುವೀನಿಯಾ ಬಿಳಿಯವಳೆಂದೇ ತಿಳಿದಿದ್ದ, ಮೂಗಿನ ಮೇಲೆ ಚುಕ್ಕೆಗಳಿದ್ದ ಹುಡುಗಿಯೊಬ್ಬಳು. ಒಟ್ಟು ಮೂವತ್ನಾಲ್ಕು.

ಗುರುವಾರ ಸಂಜೆ ಪ್ರವೇಶ ವಿಭಾಗದ ಡೀನ್ ಬಹಿರಂಗ ಸಭೆ ಕರೆದಿದ್ದರು. ಕಾಫಿಯ ಮೇಜು ಲುವೀನಿಯಾ ಮತ್ತು ಥರ್ಮನ್ ಪಾಲಿಗೆ ಬಂದಿತ್ತು. ಲೋಟ ಜೋಡಿಸುತ್ತ ಥರ್ಮನ್ ಪಿಸುಗುಟ್ಟಿದ:

"ಬಾಯ್ ಮುಚ್ಕೊಂಡಿರೇ ಅಂದ್ರೆ ಇರಬೇಕು. ನಿನ್ನ ಲೆಕ್ಕ ತಪ್ಪು ಅಂತ ಅವ್ರು ಅಂದಿದಾರೆ. ಈಗ ನೀನೇ ಹೋಗಿ ತಪ್ಪು ಅಂದ್ರೆ, ಅವ್ರ ಚಪ್ಲೀನ ನೀನೇ ತಲೆ ಮೇಲೆ ಹೊತ್ಕೊಂಡಂಗೆ. ಮೂರು ಕಾಳಿಗೆ ಯಾರು ಅಳ್ತಾರೆ?"

"ಆ ಮೊಂಟಾನಾ ಹುಡುಗಿ ಅಳ್ತಾಳೆ."

"ಅವಳಿಗೆ ಬೇರೆ ಕರೆದು ಊಟ ಹಾಕು. ನಾಲ್ಕು ದಿನ ಹಾಕು. ಸಂಖ್ಯೆ ಯಾಕೆ ಮುಟ್ತೀಯ?"

"ಹೊಟ್ಟೆಗೆ ಹಾಕಿ ಲೆಕ್ಕದಿಂದ ಬಿಡೋದು ಗುಡ್ಡದೋರ ಕೆಲಸ ಕಣೋ. ನಮ್ಮಮ್ಮಂಗೂ ಅವ್ರು ಹಂಗೇ ಊಟ ಹಾಕ್ತಿದ್ರು."

ಡೀನ್ ಅರ್ಧ ಗಂಟೆ ಮಾತಾಡಿದರು. ಕಾನೂನು, ಬದ್ಧತೆ, ಕಷ್ಟದ ಕಾಲ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಸಭೆಯ ಹಿಂಬದಿಯಿಂದ ಏಪ್ರನ್ನಿನಲ್ಲೇ ಲುವೀನಿಯಾ ಮುಂದೆ ಬಂದಳು.

"ನಂದು ಪ್ರಶ್ನೆ ಅಲ್ಲ, ತಿದ್ದುಪಡಿ. ಮೂವತ್ತೊಂದು ಅಂದಿದ್ದೆ. ತಪ್ಪು. ಮೂವತ್ನಾಲ್ಕು. ಮೂರು ಮಕ್ಳನ್ನ ನಾನು ಬಿಟ್ಟಿದ್ದೆ, ಅವರ ಹತ್ರ ಹೋಗಿ ಕ್ಷಮೆ ಕೇಳಿದೀನಿ. ನಂದು ಅವರೆಕಾಳಿನ ಲೆಕ್ಕ, ತಪ್ಪುತ್ತೆ, ತಪ್ಪಿದ್ರೆ ತಿದ್ಕೋತೀನಿ. ಆದ್ರೆ ನಾನು ಹೇಳಿದ್ದು ನಿಖರ ಅಲ್ಲ ಅಂತ ನೀವು ಮೊದಲೇ ಅಂದ್ರಲ್ಲ, ಹಂಗಾದ್ರೆ ನಿಖರ ಯಾವ್ದು ಅಂತ ನಿಮಗೆ ಗೊತ್ತಿರ್ಬೇಕು. ಹೇಳಿ ಸ್ವಾಮಿ. ಎಷ್ಟು?"

ಡೀನ್ ನೀರು ಕುಡಿದರು. "ಅದು ಇನ್ನೂ ವಿಶ್ಲೇಷಣೆಯಲ್ಲಿದೆ."

"ಮೂವತ್ನಾಲ್ಕನ್ನ ಎಷ್ಟು ದಿನ ವಿಶ್ಲೇಷಣೆ ಮಾಡ್ತಾರಪ್ಪಾ," ಎಂದು ಕಾಫಿಯ ಮೇಜಿನಿಂದ ಕೇಳಿಸಿತು. ನಗು ಸಭೆಯ ಅರ್ಧಕ್ಕೆ ಹಬ್ಬಿತು. ಥರ್ಮನ್ ಲೋಟ ಒರೆಸುತ್ತಿದ್ದ.

ಮುಂದಿನ ಸಾಲಿನ ಬಿಳಿಯ ಹುಡುಗನೊಬ್ಬ ಎದ್ದುನಿಂತ. ಒರಟನಲ್ಲ, ನಿಜಕ್ಕೂ ಅವನಿಗೆ ಉತ್ತರ ಬೇಕಿತ್ತು. "ಮೇಡಂ, ಬಣ್ಣ ನೋಡೋದು ನಿಲ್ಲಿಸಿದ ಕೂಡ್ಲೇ ತೊಂಬತ್ತೇಳು ಮೂವತ್ನಾಲ್ಕಾಯ್ತು ಅಂದ್ರೆ, ಮೊದಲು ಬಂದೋರೆಲ್ಲ ಬಣ್ಣದಿಂದಲೇ ಬಂದೋರು ಅಂತ ಆಗಲ್ವಾ?"

"ನಿಮ್ಮಪ್ಪ ಎಲ್ಲಿ ಓದಿದ್ದು ಮಗಾ?"

"ಇಲ್ಲೇ."

"ಅಜ್ಜ?"

"ಅವರೂ ಇಲ್ಲೇ. ಐವತ್ತೆಂಟರ ತಂಡ."

"ಅವರ ಗೌನು ಇಸ್ತ್ರಿ ಮಾಡಿದ್ದು ನಮ್ಮಮ್ಮ. ಆಗ ಇಲ್ಲಿ ಬಣ್ಣ ನೋಡ್ತಿರ್ಲಿಲ್ಲ ಅಂತೀಯಾ? ನಿಮ್ಮಜ್ಜ ದಡ್ಡ ಅಂತ ನಾನು ಅನ್ನಲ್ಲ. ಬುದ್ಧಿವಂತರೇ ಇರ್ಬೋದು. ಆದ್ರೆ ನಮ್ಮಮ್ಮ ಬುದ್ಧಿವಂತಳೋ ಅಲ್ವೋ ಅಂತ ಯಾರೂ ಕೇಳ್ಲಿಲ್ಲ. ನನ್ನ ಬಾಗಿಲಲ್ಲಿ ಬಂದ ನಮ್ಮ ಮಕ್ಳು ತಟ್ಟೆ ಪಕ್ಕ ಪುಸ್ತಕ ಇಟ್ಕೊಂಡು ಉಂಡಿದ್ದನ್ನ ನಾನು ನೋಡಿದೀನಿ. ಓದದೆ ಇಲ್ಲಿಂದ ಪದವಿ ತಗೊಂಡು ಹೋದ ಒಬ್ಬನ್ನ ತೋರ್ಸು. ಬಣ್ಣ ಅವರಿಗೆ ಬಾಗಿಲು ತೆಗೀತು ಅಂತೀಯ. ನಾನು ಹೇಳೋದು, ಅದೇ ಬಣ್ಣ ಅದನ್ನ ಮುಚ್ಚಿತ್ತು. ಚಿಲಕ ತೆಗೆದೋರು ಈಗ ಮತ್ತೆ ಹಾಕ್ಕೊಂಡ್ರು."

ಹುಡುಗ ಕೂತುಕೊಂಡ. ಒಪ್ಪಿದನೋ ಇಲ್ಲವೋ ತಿಳಿಯದು. ಸಭೆ ಬೇಗ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಆಕೆ ಗ್ರೆಗ್‌ನ ಕೋಣೆಗೆ ತಾನೇ ಹೋದಳು. ಕಾಗದವನ್ನು ಬಿಡಿಸಿ ಮೇಜಿನ ಮೇಲೆ ಇಟ್ಟಳು. ಸಹಿಯ ಜಾಗ ಖಾಲಿಯಿತ್ತು.

"ಇನ್ನೊಂದು ವಾರ ಯೋಚನೆ ಮಾಡಿ," ಎಂದ ಗ್ರೆಗ್. ಅವನು ಕೆಟ್ಟವನಲ್ಲ, ಅವನ ಕಣ್ಣು ಕೆಂಪಾಗಿತ್ತು. "ಕೆಳಗೆ ಬಹಳ ಸೆಕೆ, ಮಿಸ್ ಲುವೀನಿಯಾ. ನಿಮ್ಮ ಮಂಡಿನೋವು ಬೇರೆ."

"ಮಂಡಿ ನೋವು ಮೇಲೂ ಇತ್ತು. ಸಹಿ ಹಾಕಿ ಆ ಸ್ಟೂಲಲ್ಲಿ ಕೂತ್ರೆ ನಾಳೆ ಒಂದು ಮಗು ಬರ್ದೇ ಹೋದಾಗ ಯಾರಿಗೆ ಹೇಳ್ಲಿ? ಹೇಳೋಹಂಗಿಲ್ವಲ್ಲ. ಬಾಯಿಲ್ದೆ ಇರೋಳನ್ನ ಬಾಗಿಲಲ್ಲಿ ಕೂರ್ಸೋಕೆ ನಿಮಗೆ ಆ ಯಂತ್ರವೇ ಸಾಕು."

ಏಪ್ರನ್ನಿನ ಎರಡೂ ಜೇಬುಗಳನ್ನು ಆಕೆ ಆ ದಿನ ಹೇಝಲ್‌ಳ ಕೈಯಲ್ಲಿ ಖಾಲಿ ಮಾಡಿದಳು. ಕಾಳಿನ ಜೊತೆಗೆ ಒಂದೇ ಸೂಚನೆ ಕೊಟ್ಟಳು: "ಗದ್ದ ನೋಡ್ಬೇಡ. ಬಾಯಿ ಬಿಟ್ಟು ಕೇಳು. ಅವರು ಹೌದು ಅಂದ್ರೆ ಹೌದು." ವಿದ್ಯಾರ್ಥಿಗಳು ವಿದ್ಯಾರ್ಥಿಗಳನ್ನು ಮಾತಾಡಿಸುವುದನ್ನು ತಡೆಯುವ ಕಾಗದ ಗುಡ್ಡದ ಬಳಿ ಇನ್ನೂ ಇಲ್ಲ.

ಒಂದು ವರ್ಷವಾಯಿತು. ಲುವೀನಿಯಾ ಈಗ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಬಾಗಿಲಲ್ಲಿ ಯಂತ್ರ ಮಾತ್ರ ಇದೆ. ಕಾಗದಕ್ಕೆ ಆಕೆ ಸಹಿ ಹಾಕಿಲ್ಲ. ಕಾಲೇಜು ಕಳೆದ ನವೆಂಬರಿನಲ್ಲಿ ಬಿಳಿಯರಲ್ಲದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಒಂದು ಶೇಕಡಾವಾರು ಪ್ರಕಟಿಸಿತು. ನಮ್ಮವರೆಷ್ಟೆಂಬುದನ್ನು ಈವರೆಗೂ ಹೇಳಿಲ್ಲ. ಈ ಸೆಪ್ಟೆಂಬರಿನಲ್ಲಿ ಹೇಝಲ್ ಮತ್ತು ಇನ್ನೂ ಐವರು ಮೇಜಿನಿಂದ ಮೇಜಿಗೆ ಹೋಗಿ ಎಣಿಸಿದರು. ಇಪ್ಪತ್ತೊಂಬತ್ತು ಎಂದು ಚರ್ಚಿನಲ್ಲಿ ಎದ್ದು ಹೇಳಿದವಳು ಲುವೀನಿಯಾಳೇ. ಆ ಇಪ್ಪತ್ತೊಂಬತ್ತು ಜನರೂ ಊಟಕ್ಕೆ ಬಂದರು, ಕಾಲೇಜು ಬಿಟ್ಟವರು ಸದ್ಯಕ್ಕೆ ಯಾರೂ ಇಲ್ಲ.